ಥೆಲ್ಮಾ ಬ್ರೆಕ್ಕೆಯ ಮದ್ದು

ಥೆಲ್ಮಾ ಬ್ರೆಕ್ಕೆ ತನ್ನ ರಿವಾಲ್ವರಿಗೆ ಬೇಕಾದ ತೋಟಾಗಳನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತು ತಾನೇ ತುಂಬಿಕೊಳ್ಳುತ್ತಿದ್ದಳು. ಒಗೆಯುವ ಯಂತ್ರದ ಎದುರಿಗೆ ಗೋಡೆಗೆ ಬಿಗಿದ ದಪ್ಪ ಹಲಗೆ, ಅದರ ಮೇಲೆ ಹಿಡಿಕೆ ಎಳೆದು ಒತ್ತುವ ಯಂತ್ರ, ಪುಟ್ಟ ತಕ್ಕಡಿ, ಹಿತ್ತಾಳೆಯ ಖಾಲಿ ಚಿಪ್ಪುಗಳನ್ನು ಸಾಲಾಗಿ ನಿಲ್ಲಿಸಲು ತೂತು ಕೊರೆದ ಮರದ ಮಣೆ. ಹಲಗೆಯ ಮೇಲೆ ಯಾವಾಗಲೂ ಮದ್ದಿನ ಡಬ್ಬಿ ಒಂದೇ. ಇನ್ನೊಂದು ಬೇಕೆಂದರೆ ಮೊದಲನೆಯದು ಕಪಾಟಿಗೆ ಹೋಗಿ ಬೀಗ ಬೀಳಬೇಕು. ಅವಳು ಕೆಲಸಕ್ಕೆ ಕೂತಾಗ ರೇಡಿಯೋ ಹಾಡಬಾರದು, ಒಗೆಯುವ ಯಂತ್ರ ಓಡಬಾರದು, ಯಾರೂ ಮಾತಾಡಿಸಬಾರದು. ನಾನು ಆ ರಸ್ತೆಯಲ್ಲಿ ಅಂಚೆ ಹಂಚುವವನು. ಪಾರ್ಸೆಲ್ಲಿಗೆ ಸಹಿ ಬೇಕೆಂದು ಬಾಗಿಲು ತಟ್ಟಿದರೆ ಒಳಗಿನಿಂದ “ತುಂಬ್ತಾ ಇದೀನಿ!” ಎಂಬ ಕೂಗು ಬರುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ. ಸರ್ಕಾರಿ ಅಂಚೆ ಅವಳ ಮದ್ದಿಗಾಗಿ ಕಾದ ಹೊತ್ತನ್ನೆಲ್ಲ ಕೂಡಿಸಿದರೆ ನನಗೆ ಇನ್ನೊಂದು ರಜೆ ಬರಬೇಕು.

ಮೊಂಟಾನಾದ ಪಡುವಣ ಬೆಟ್ಟಗಳ ನಡುವಿನ ನಮ್ಮ ಟಾಮರಾಕ್ ಕಣಿವೆಯಲ್ಲಿ ರಿವಾಲ್ವರ್ ಇಲ್ಲದ ಮನೆ ಎಂದರೆ ಪಾದ್ರಿಗಳದು ಒಂದೇ. ಅದೂ ಅವರು ಹಾಗೆ ಹೇಳುತ್ತಿದ್ದರು. ಥೆಲ್ಮಾಳಿಗೆ ಅದು ಕೆಲಸದ ಸಾಮಾನು. ಅವಳ ಗಂಡ ಆರ್ವಿಡ್ ಹೇಸರಗತ್ತೆಗಳ ಮೇಲೆ ಬೇಟೆಗಾರರ ಸಾಮಾನು ಹೇರಿಕೊಂಡು ಬೆಟ್ಟ ಹತ್ತಿಸುತ್ತಿದ್ದ. ಅವಳು ಮೇಲಿನ ಬಿಡಾರದಲ್ಲಿ ಅಡುಗೆ ಮಾಡುತ್ತಿದ್ದಳು. ಒಂದು ಚಳಿಗಾಲ ಆರ್ವಿಡ್ ಲಾಳ ಹೊಡೆಯುತ್ತಿದ್ದವನು ಹಾಗೇ ಹೇಸರಗತ್ತೆಯ ಕಾಲಿಗೆ ಒರಗಿ ಕೂತ, ಮತ್ತೆ ಏಳಲಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ಥೆಲ್ಮಾ ಎಂದಿನಂತೆ ಬಾಣಲೆ, ಹಿಟ್ಟಿನ ಚೀಲ, ಸೊಂಟಕ್ಕೆ ರಿವಾಲ್ವರ್ ಕಟ್ಟಿಕೊಂಡು ಬೆಟ್ಟ ಹತ್ತಿದಳು. ಬಿಡಾರದ ಯಜಮಾನ ಬಾಯ್ಡ್, “ಈ ವರ್ಷ ವಿಶ್ರಾಂತಿ ತಗೊಂಡಿದ್ರೆ ಆಗ್ತಿತ್ತಲ್ಲ, ಥೆಲ್ಮಾ,” ಎಂದ.

“ವಿಶ್ರಾಂತೀಲಿ ನನಗೆ ಯಾರು ಅಡುಗೆ ಮಾಡಿ ಹಾಕ್ತಾರೆ?” ಎಂದಳು.

ಆ ಬೆಟ್ಟದಲ್ಲಿ ಗ್ರಿಜ್ಲಿ ಕರಡಿಗಳಿವೆ. ಅವುಗಳಿಗೆ ಹಂದಿಮಾಂಸ ಹುರಿಯುವ ವಾಸನೆ ನಮಗಿಂತ ಚೆನ್ನಾಗಿ ಗೊತ್ತು. ಆ ಸಲವೇ ಒಂದು ಬೆಳಿಗ್ಗೆ ಅಡುಗೆ ಗುಡಾರದ ಪರದೆ ಸರಿಸಿ ಒಂದು ಕರಡಿ ತಲೆ ಒಳಗೆ ಹಾಕಿತು. ಥೆಲ್ಮಾ ರಿವಾಲ್ವರ್ ಎತ್ತಿ ಅದರ ಹಣೆಗೆ ಹಿಡಿದಳು. ಕರಡಿ ಅವಳನ್ನು ನೋಡಿತು, ಅವಳು ಕರಡಿಯನ್ನು ನೋಡಿದಳು. ಕೊನೆಗೆ ಅವಳು ಎಡಗೈಯಿಂದ ಮೇಜಿನ ಮೇಲಿದ್ದ ಹಂದಿತೊಡೆಯನ್ನು ಅದರ ಕಡೆ ತಳ್ಳಿದಳು. ಅದು ಕಚ್ಚಿಕೊಂಡು ಹೋಯಿತು.

“ಯಾಕ್ ಹೊಡೀಲಿಲ್ಲ?” ಎಂದು ಬಾಯ್ಡ್ ಕೇಳಿದ. ಹಂದಿತೊಡೆ ಅವನದು.

“ಅದರ ಹಿಂದುಗಡೆ ಗುಡಾರದಲ್ಲಿ ಬೇಟೆಗೆ ಬಂದ ನಿನ್ನ ದಂತವೈದ್ಯರು ಮಲಗಿದ್ರು.”

“ಎಷ್ಟು ಜನ?”

“ಕರಡಿ ಅಡ್ಡ ಇತ್ತು. ಎಣಿಸೋಕಾಗ್ಲಿಲ್ಲ.”

ಹೊಡೆಯದ ಗುಂಡಿನ ಬಗ್ಗೆಯೂ ಇಷ್ಟು ಯೋಚಿಸುವವಳು ಹೊಡೆಯುವ ಗುಂಡಿನ ಬಗ್ಗೆ ಎಷ್ಟು ಯೋಚಿಸುತ್ತಿದ್ದಳೆಂದು ಬೇರೆ ಹೇಳಬೇಕಿಲ್ಲ. ದೊಡ್ಡ ನಳಿಗೆಯ ರಿವಾಲ್ವರಿಗೆ ಮದ್ದು ಆರಿಸುವುದು ನಮ್ಮ ಊರಲ್ಲಿ ಹೆಣ್ಣು ನೋಡಿದ ಹಾಗೆ. ಎಲ್ಲರಿಗೂ ಒಂದೊಂದು ಅಭಿಪ್ರಾಯ, ಅದರ ಜೊತೆ ಬದುಕಬೇಕಾದವರು ಮಾತ್ರ ಬೇರೆ. ಬೇಗ ಉರಿಯುವ ಮದ್ದು ಒಂದು ಚಿಟಿಕೆ ಸಾಕು, ಮೆಲ್ಲಗೆ ಹೊಡೆಯುತ್ತದೆ. ನಿಧಾನಕ್ಕೆ ಉರಿಯುವುದನ್ನು ಚಿಪ್ಪಿನ ಕಂಠದವರೆಗೆ ತುಂಬಬೇಕು. ಗುಂಡು ಗುಡುಗಿನಂತೆ ಹೋಗುತ್ತದೆ, ಜೊತೆಗೆ ಮೊಳದುದ್ದ ಬೆಂಕಿಯೂ ಹೋಗುತ್ತದೆ. ಥೆಲ್ಮಾಳದು ಇವೆರಡರ ನಡುವಿನ, ಹಗುರಕ್ಕೆ ಉಬ್ಬಿಕೊಂಡಿರುವ ಒಂದು ಮದ್ದು. ಅದರ ಮುಂದೆ ಭಾರದ ಸೀಸದ ಗುಂಡು, ಅವಸರವಿಲ್ಲದ ವೇಗ.

“ಬೇಗ ಉರಿಯೋದು ಕಳ್ಳ ಮದ್ದು,” ಎಂದು ಒಮ್ಮೆ ಹಾರ್ಡ್‌ವೇರ್ ಅಂಗಡಿಯಲ್ಲಿ ನನಗೆ ಹೇಳಿದ್ದಳು. “ಇಷ್ಟು ದೊಡ್ಡ ಚಿಪ್ಪಿನ ತಳದಲ್ಲಿ ಹೋಗಿ ಅಡಗಿ ಕೂತ್ಕೊಳುತ್ತೆ. ಮರೆತು ಎರಡು ಸಲ ಸುರಿದ್ರೂ ಕಾಣಲ್ಲ. ನಂದು ಹಾಗಲ್ಲ. ಎರಡನೇ ಸಲ ಸುರಿದ್ರೆ ಉಕ್ಕಿ ಚೆಲ್ಲಿ, ‘ಅಮ್ಮಾ ತಾಯಿ, ಸಾಕು’ ಅನ್ನುತ್ತೆ.”

ಪಕ್ಕದಲ್ಲೇ ನಿಂತಿದ್ದ ಲಾಯ್ಡ್ ಹ್ಯಾಗರ್ಟಿ ಇದನ್ನು ಕೇಳಿ ನಕ್ಕ. ಲಾಯ್ಡ್ ಮರದ ಮಿಲ್ಲಿನಲ್ಲಿ ದೊಡ್ಡ ಗರಗಸ ನಡೆಸುವವನು. ಅವನ ಹೆಂಡತಿ ಬಹಳ ಹಿಂದೆಯೇ ಸ್ಪೋಕೇನ್ ಪಟ್ಟಣಕ್ಕೆ ಹೊರಟುಹೋಗಿದ್ದಳು, ಪಿಯಾನೋ ಸಮೇತ. ಲಾಯ್ಡ್ ಪಿಯಾನೋ ಬಗ್ಗೆ ಆಗಾಗ ಬೇಸರಪಡುತ್ತಿದ್ದ. ಮಿಲ್ಲಿನ ಹಳಬರಲ್ಲಿ ಹತ್ತೂ ಬೆರಳು ಉಳಿಸಿಕೊಂಡವನು ತಾನೊಬ್ಬನೇ ಎಂಬುದು ಅವನ ದೊಡ್ಡ ಹೆಮ್ಮೆ; ಬಿಯರ್ ಬೇಕೆಂದು ಕೇಳುವಾಗಲೂ ಎರಡೂ ಕೈ ಬಿಡಿಸಿ ಎತ್ತುತ್ತಿದ್ದ. ಅವನು ನಿಧಾನದ ಮದ್ದಿನ ಕಡೆಯವನು. ಭಾನುವಾರ ಮಧ್ಯಾಹ್ನ, ಚರ್ಚು ಬಿಟ್ಟ ಮೇಲೆ, ನಾವೆಲ್ಲ ಹಳೆಯ ಜಲ್ಲಿ ಗುಂಡಿಯಲ್ಲಿ ಗುರಿ ಹೊಡೆಯಲು ಸೇರುತ್ತಿದ್ದೆವು. ಲಾಯ್ಡ್ ಹೊಡೆದನೆಂದರೆ ಪಕ್ಕದವರ ಟೋಪಿ ಹಾರುತ್ತಿತ್ತು, ನೆಲದ ಧೂಳು ಏಳುತ್ತಿತ್ತು, ಎದುರಿನ ಗುರಿಯ ಕಾಗದ ಮಾತ್ರ ತನ್ನ ಪಾಡಿಗೆ ತಾನಿರುತ್ತಿತ್ತು.

“ಥೆಲ್ಮಾ, ನಿನ್ನ ಗುಂಡು ಅಲ್ಲಿ ಹೋಗಿ ಮುಟ್ಟೋದ್ರೊಳಗೆ ನಾನು ಒಂದು ಕಾಫಿ ಕುಡಿದು ಬರ್ಬೋದು,” ಎನ್ನುತ್ತಿದ್ದ ಅವನು.

“ಹೋಗಿ ಕುಡ್ದು ಬಾ. ಬರೋ ಹೊತ್ತಿಗೆ ಮಧ್ಯದಲ್ಲಿ ತೂತು ಇರುತ್ತೆ. ನಿಂದೆಲ್ಲಿ ಹೋಯ್ತು?”

“ನಂದು ಸದ್ದಿಗೇ ಹೆದರಿಸುತ್ತೆ.”

“ಕಾಗದಕ್ಕೆ ಕಿವಿ ಇಲ್ಲ ಲಾಯ್ಡ್.”

ಇದು ವರ್ಷಗಟ್ಟಲೆ ನಡೆಯಿತು. ಇಬ್ಬರಿಗೂ ಅದು ಬೇಕಾಗಿತ್ತೆಂದು ನಮಗೆಲ್ಲ ಗೊತ್ತಿತ್ತು. ಅವರಿಬ್ಬರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ವಾಷಿಂಗ್ಟನ್ ರಾಜ್ಯದ ಕಡೆಯ ಅಗ್ನಿಪರ್ವತ ಸಿಡಿದು ನಮ್ಮ ಕಾರುಗಳ ಮೇಲೆಲ್ಲ ಬೂದಿ ಬಿದ್ದಿತಲ್ಲ, ಅದರ ಮರುವರ್ಷ ಥೆಲ್ಮಾ ಮಂಜುಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದಾಗ ಕೈ ಸ್ವಲ್ಪ ಸೊಟ್ಟಗಾಗಿತ್ತು. ನೋವಿನ ಮಾತು ಅವಳು ಎತ್ತಲಿಲ್ಲ. ಅವಳು ನಾರ್ವೆಯ ಮೂಲದವಳು, ಆ ಕಡೆಯವರು ಎತ್ತುವುದಿಲ್ಲ. ಆದರೆ ವಸಂತದಲ್ಲಿ ಜಲ್ಲಿ ಗುಂಡಿಗೆ ಬಂದವಳು ಎರಡು ಗುಂಡು ಹೊಡೆದು ರಿವಾಲ್ವರ್ ಕೆಳಗಿಟ್ಟು, ಕಾಫಿ ಸುರಿದುಕೊಳ್ಳುವ ನೆಪದಲ್ಲಿ ಆಚೆ ತಿರುಗಿ ಕೈ ಒದರಿಕೊಂಡಳು. ನಾನು ಅದನ್ನು ಕಂಡೆ. ಲಾಯ್ಡನೂ ಕಂಡಿದ್ದನೆಂದು ಆಮೇಲೆ ಗೊತ್ತಾಯಿತು.

ಜೀವಮಾನದಲ್ಲಿ ಮೆಲ್ಲಗೆ ಹೊಡೆಯುವ ತೋಟಾ ಒಂದನ್ನೂ ತುಂಬದ ಲಾಯ್ಡ್ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬೇಗ ಉರಿಯುವ ಮದ್ದಿನ ಡಬ್ಬಿ ಕೊಂಡ. ಅಂಗಡಿಯವನು “ಯಾರಿಗೆ?” ಎಂದು ಕೇಳಿದ್ದಕ್ಕೆ “ಇಲಿ ಹೊಡೆಯೋಕೆ” ಎಂದನಂತೆ. ಮನೆಗೆ ಹೋಗಿ ಹಗುರದ ಗುಂಡು ಆರಿಸಿ, ಮದ್ದಿನ ಅಳತೆಯ ಪುಸ್ತಕ ನೋಡಿ, ಅತಿ ಕಡಿಮೆ ಅಳತೆ ಹಿಡಿದು ಒಂದು ಡಬ್ಬಿ ತೋಟಾ ತುಂಬಿದ. ಥೆಲ್ಮಾಳ ಹುಟ್ಟುಹಬ್ಬದ ದಿನ ಮಧ್ಯಾಹ್ನ ಹಕಲ್‌ಬೆರಿ ಹಣ್ಣು ತುಂಬಿ ಸುಟ್ಟ ಪೈ ಒಂದು ಕೈಯಲ್ಲಿ, ತೋಟಾದ ಡಬ್ಬಿ ಇನ್ನೊಂದು ಕೈಯಲ್ಲಿ ಹಿಡಿದು ಅವಳ ಬಾಗಿಲಿಗೆ ಹೋದ. ನಾನು ಅವಳಿಗೆ ಬಂದಿದ್ದ ಕಾರ್ಡುಗಳನ್ನು ಕೊಡಲು ಅಲ್ಲೇ ಇದ್ದೆ.

ಅವಳು ಪೈ ತೆಗೆದುಕೊಂಡಳು. ಡಬ್ಬಿಯ ಮೇಲೆ ಅವನು ದಪ್ಪ ಅಕ್ಷರದಲ್ಲಿ ಬರೆದಿದ್ದ “ಥೆಲ್ಮಾಗೆ, ಮೆತ್ತಗಿನವು” ಎಂಬುದನ್ನು ಓದಿದಳು.

“ಪೈಗೆ ಥ್ಯಾಂಕ್ಸ್ ಲಾಯ್ಡ್. ಇದನ್ನ ವಾಪಸ್ ತಗೊಂಡು ಹೋಗು.”

“ಯಾಕೆ? ನಿನ್ನ ಕೈಗೆ ಬೇಕಾದಷ್ಟೇ ಮೆತ್ತಗಿದೆ. ಇನ್ನೂ ಮೆತ್ತಗೆ ಬೇಕಂದ್ರೆ ಕಲ್ಲು ಎಸೀಬೇಕಾಗುತ್ತೆ.”

“ಬೇರೆಯವರು ತುಂಬಿದ್ದನ್ನ ನಾನು ಹೊಡೆಯಲ್ಲ. ಆರ್ವಿಡ್ ತುಂಬಿದ್ದನ್ನೂ ಹೊಡೀತಿರ್ಲಿಲ್ಲ.”

“ಗಂಡ ತುಂಬಿದ್ದೂ ಆಗಲ್ವಾ?”

“ಅಷ್ಟು ವರ್ಷ ಸಂಸಾರ ಮಾಡಿದೀನಿ. ಅವನು ತುಂಬೋದನ್ನ ನೋಡಿದೀನಿ.”

ಲಾಯ್ಡನ ಮುಖ ಚಿಕ್ಕದಾಯಿತು. “ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ ಅನ್ನು.”

“ಹಲ್ಲುಜ್ಜೋ ಬ್ರಷ್ಷೂ ನಾನು ಬೇರೆಯವರದ್ದು ತಗೊಳಲ್ಲ. ಅದರಲ್ಲಿ ನಂಬಿಕೆ ಪ್ರಶ್ನೆ ಏನಿದೆ?”

ಅವನು ಡಬ್ಬಿ ತೆಗೆದುಕೊಂಡು ಹೋದ. ಪೈಯನ್ನು ನಾನೂ ಅವಳೂ ತಿಂದೆವು. ಅವಳು ಅರ್ಧ ತಿಂದು ತಟ್ಟೆ ಸರಿಸಿ, “ನಾನು ಸರಿಯಾಗೇ ಹೇಳಿದ್ದಲ್ವಾ?” ಎಂದು ಕೇಳಿದಳು. ಸರಿಯಾಗೇ ಹೇಳಿದೆ ಎಂದೆ. “ಹೂಂ,” ಎಂದಳು, ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಆ ಭಾನುವಾರ ಲಾಯ್ಡ್ ಡಬ್ಬಿಯೊಂದಿಗೆ ಜಲ್ಲಿ ಗುಂಡಿಗೆ ಬಂದ. ಅಲ್ಲಿನ ಚಾವಣಿಯ ಕೆಳಗಿನ ಮೇಜಿನ ಮೇಲೆ ಡಬ್ಬಿ ಇಟ್ಟು ತನ್ನ ರಿವಾಲ್ವರಿನ ತಿರುಗುವ ಉರುಳೆಗೆ ಆರು ತೋಟಾ ತುಂಬಿದ.

“ಎಲ್ಲರೂ ನೋಡಿ. ಇದರಲ್ಲಿ ವಿಷ ಇದೆಯಾ ಅಂತ ನಾನೇ ತಿಂದು ತೋರಿಸ್ತೀನಿ.”

ಥೆಲ್ಮಾ ಬೆಂಚಿನಿಂದ ಎದ್ದಳು. “ಲಾಯ್ಡ್, ತೋರಿಸೋದೇನೂ ಬೇಡ. ಮನೆಗೆ ತಗೊಂಡ್ ಹೋಗಿ ಒಂದೊಂದೇ ತಕ್ಕಡಿಗೆ ಹಾಕಿ ನೋಡು.”

“ನೋಡಿದೀನಿ.”

“ಎಲ್ಲಾನೂ?”

ಅವನು ಗುರಿ ಹಿಡಿದು ರಿವಾಲ್ವರಿನ ಕುದುರೆ ಎಳೆದ. ಟಪ್ ಎಂದಿತು, ಬಾಟಲಿಯ ಬಿರಡೆ ತೆಗೆದಷ್ಟು ಸದ್ದು. ಕಾಗದದ ನಡುವೆ ತೂತು ಬಿತ್ತು. ಇನ್ನೊಂದು. ಅದರ ಪಕ್ಕದಲ್ಲೇ. ಮತ್ತೊಂದು. ಲಾಯ್ಡ್ ಹ್ಯಾಗರ್ಟಿ ಹಿಂದೆಂದೂ ಹಾಗೆ ಹೊಡೆದಿರಲಿಲ್ಲ. ಗುರಿ ಮುಟ್ಟುವುದು ಹೇಗಿರುತ್ತದೆಂದು ಮೊದಲ ಬಾರಿಗೆ ಕಂಡವನ ಹಾಗೆ ಅವನು ತಿರುಗಿ ಥೆಲ್ಮಾಳ ಕಡೆ ನಕ್ಕ. ಆಮೇಲೆ ಮತ್ತೆ ಮುಂದೆ ತಿರುಗಿ ಕುದುರೆ ಎಳೆದ.

ಈ ಸಲದ ಸದ್ದು ಅವನ ಹಳೆಯ ತೋಟಾಗಳ ಸದ್ದಿನಂತೆಯೂ ಇರಲಿಲ್ಲ. ಯಾರೋ ಕಬ್ಬಿಣದ ಬಾಗಿಲನ್ನು ಕಿವಿಯೊಳಗೆ ಬಡಿದ ಹಾಗಿತ್ತು. ಹೊಗೆ ಸರಿದಾಗ ಲಾಯ್ಡನ ಕೈಯಲ್ಲಿ ರಿವಾಲ್ವರಿನ ಹಿಡಿ ಮತ್ತು ಕೆಳಗಿನ ಅರ್ಧ ಇತ್ತು. ಉರುಳೆಯ ಮೇಲಿನ ಅರ್ಧ ಎಲ್ಲೋ ಹೋಗಿತ್ತು. ಅದನ್ನು ಬಿಗಿದಿದ್ದ ಉಕ್ಕಿನ ಪಟ್ಟಿ ಚಾವಣಿಯ ತೊಲೆಗೆ ನಾಟಿಕೊಂಡಿತ್ತು. ಅವನು ಬಲಗೈಯನ್ನು ಮುಖದ ಹತ್ತಿರ ತಂದು, ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟಾಗ ನೋಡುವಂತೆ ನೋಡಿದ.

“ಮೊದಲಿನವು ಚೆನ್ನಾಗಿದ್ವಲ್ಲ?” ಎಂದ.

“ಚೆನ್ನಾಗಿದ್ವು, ಕೂತ್ಕೋ,” ಎಂದು ಥೆಲ್ಮಾ ಅವನ ಕೈಗೆ ಕಾಫಿ ಬುಟ್ಟಿಯ ಟವೆಲ್ ಸುತ್ತಿದಳು.

ಅವಳ ಪಿಕಪ್ಪಿನಲ್ಲೇ ಆಸ್ಪತ್ರೆಗೆ ಹೊರಟೆವು. ಅವಳು ಓಡಿಸುತ್ತಿದ್ದಳು, ಲಾಯ್ಡ್ ಕಿಟಕಿಗೆ, ನಾನು ನಡುವೆ ಟವೆಲ್ ಒತ್ತಿ ಹಿಡಿದು. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲವಾದ್ದರಿಂದ ಕಿರುಚಿ ಮಾತಾಡುತ್ತಿದ್ದ.

“ಥೆಲ್ಮಾ! ಈಗ ನೀನು ಅನ್ನಬೋದು!”

“ಏನಂತ?”

“‘ನಾನು ಹೇಳಿರ್ಲಿಲ್ವಾ’ ಅಂತ!”

“ಕೈ ಮೇಲಕ್ಕೆ ಎತ್ತಿ ಹಿಡ್ಕೋ.”

“ಏನು?”

“ಕೈ!”

ಸೇತುವೆ ದಾಟಿದ ಮೇಲೆ ಅವನು ನನಗೆ, ಗುಟ್ಟು ಹೇಳುವವನಂತೆ, ಆದರೆ ಕಣಿವೆಗೆಲ್ಲ ಕೇಳುವಂತೆ ಹೇಳಿದ: “ಅವಳು ಹೊಡೆದಿದ್ರೆ ಏನಾಗ್ತಿತ್ತು!” ಅಲ್ಲಿಂದ ಮುಂದೆ ಪಿಕಪ್ಪಿನ ವೇಗ ಹೆಚ್ಚಿತು. ಅಡ್ಡ ಬಂದ ಮರದ ಲಾರಿಯ ಚಾಲಕನಿಗೆ ಅವಳು ಬೈದ ಮಾತನ್ನು ನಾನು ಅದಕ್ಕೆ ಮುಂಚೆ ಅವಳ ಬಾಯಲ್ಲಿ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಡಾಕ್ಟರು ಎರಡು ಬೆರಳು ತೆಗೆದರು. ಒಂದು ಕಿವಿ ಪೂರ್ತಿ ಮರಳಿತು, ಇನ್ನೊಂದು ಅರ್ಧ.

ಥೆಲ್ಮಾ ಉಳಿದ ತೋಟಾಗಳನ್ನು ಮನೆಗೆ ಒಯ್ದು ಒಂದೊಂದನ್ನೂ ಬಿಚ್ಚಿದಳು. ಸುತ್ತಿಗೆಯಂಥ ಒಂದು ಸಾಧನದ ಬಾಯಿಗೆ ತೋಟಾ ಸಿಕ್ಕಿಸಿ ಕುಟ್ಟಿದರೆ ಗುಂಡು ಸಡಿಲವಾಗಿ ಮದ್ದು ಹೊರಗೆ ಬೀಳುತ್ತದೆ. ಪ್ರತಿಯೊಂದನ್ನೂ ತಕ್ಕಡಿಗೆ ಹಾಕಿದಳು. ಮರುದಿನ ನಾನು ಹೋದಾಗ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು.

“ಎಲ್ಲಾ ಸರಿಯಾಗಿದೆ,” ಎಂದಳು. “ಒಂದಕ್ಕಿಂತ ಒಂದು. ನಾನೂ ಇಷ್ಟು ಸಮ ತುಂಬಲ್ಲ.”

“ಹಾಗಾದ್ರೆ?”

“ಒಂದರಲ್ಲಿ ಮದ್ದೇ ಇಲ್ಲ.”

ಒಂದರಲ್ಲಿ ಇಲ್ಲವೆಂದರೆ ಅದರ ಪಾಲು ಪಕ್ಕದ್ದಕ್ಕೆ ಹೋಗಿತ್ತು; ಎರಡು ಪಾಲಿನ ಆ ತೋಟಾವೇ ಸಿಡಿದದ್ದು. ಮಣೆಯ ಮೇಲೆ ಸಾಲಾಗಿ ನಿಂತ ಚಿಪ್ಪುಗಳಿಗೆ ಸುರಿಯುತ್ತಾ ಹೋದವನು ಎಲ್ಲೋ ನಿಲ್ಲಿಸಿ, ಮತ್ತೆ ಶುರುಮಾಡುವಾಗ ಜಾಗ ತಪ್ಪಿದ್ದ.

ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಲಾಯ್ಡ್ ದಿಂಬಿಗೆ ಒರಗಿ ಜೆಲ್ಲಿ ತಿನ್ನುತ್ತಿದ್ದ, ಎಡಗೈಯಲ್ಲಿ, ಅಷ್ಟೇನೂ ಯಶಸ್ವಿಯಾಗಿ ಅಲ್ಲ.

“ತುಂಬೋವಾಗ ನಡುವೆ ಎದ್ದಿದ್ಯಾ?” ಎಂದು ಥೆಲ್ಮಾ ಕೇಳಿದಳು.

“ಎದ್ದಿರ್ಬೋದು.”

“ಯಾಕೆ?”

“ಫೋನ್ ಬಂತು.”

“ತುಂಬೋವಾಗ ಫೋನ್ ಎತ್ತೋದಾ ಲಾಯ್ಡ್? ಮನುಷ್ಯನಾ ನೀನು? ಅದ್ಯಾರದಪ್ಪಾ ಅಷ್ಟು ತಲೆಹೋಗೋ ಫೋನು?”

ಲಾಯ್ಡ್ ಜೆಲ್ಲಿಯ ಬಟ್ಟಲನ್ನು ನೋಡಿದ. ನನ್ನ ಕಡೆ ನೋಡಿದ. ನನ್ನಿಂದ ಏನೂ ಸಹಾಯವಾಗಲಿಲ್ಲ.

“ನಿಂದು,” ಎಂದ.

ಥೆಲ್ಮಾ ಕುರ್ಚಿಯಲ್ಲಿ ಕೂತಳು.

“ಚರ್ಚಿನ ಊಟದ ದಿನ ನಾನು ತಗೊಂಡು ಹೋಗಿದ್ದ ನಿನ್ನ ಕೇಕಿನ ತಟ್ಟೆ ವಾಪಸ್ ಕೊಡು ಅಂತ ಫೋನ್ ಮಾಡಿದ್ಯಲ್ಲ,” ಎಂದ ಲಾಯ್ಡ್. “ಎತ್ತೋವರೆಗೂ ನೀನು ಅಂತ ಗೊತ್ತಿರಲಿಲ್ಲ. ಎತ್ತಿದ ಮೇಲೆ ಇಡೋಕೆ ಮನಸ್ಸಾಗ್ಲಿಲ್ಲ. ನೀನು ತಟ್ಟೆ ಬಗ್ಗೆ ತುಂಬಾ ಹೊತ್ತು ಮಾತಾಡಿದೆ.”

ಹೌದು, ಮಾತಾಡಿದ್ದಳಂತೆ. ವಾಪಸ್ ಬರುವಾಗ ಅವಳು ಆಸ್ಪತ್ರೆಯ ಅಂಗಳದಲ್ಲಿ ಪಿಕಪ್ಪಿನ ಕೀಲಿ ತಿರುಗಿಸದೆ ಹಾಗೇ ಕೂತಳು. ಎದುರಿನ ಗೋಡೆಗೆ ಯಾರೋ ಬಣ್ಣ ಹೊಡೆಯುತ್ತಿದ್ದರು. ಅದನ್ನು ನೋಡುತ್ತಲೇ ಹೇಳಿದಳು:

“ಆ ತಟ್ಟೆ ನಂಗೆ ಬೇಕಾಗಿರಲಿಲ್ಲ.”

“ಮತ್ತೆ?”

“ಮನೇಲಿ ಅಂಥವು ನಾಲ್ಕಿವೆ.”

ಆಮೇಲೆ ಕೀಲಿ ತಿರುಗಿಸಿದಳು. ದಾರಿಯಲ್ಲಿ ಅವಳು ಒಮ್ಮೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದಳು, ಅದು ಕೊಳೆಯಾಗಿರಲಿಲ್ಲ.

ಎಂಟು ಬೆರಳಿನವನನ್ನು ಮಿಲ್ಲಿನವರು ಗರಗಸದ ಹತ್ತಿರ ಬಿಡಲಿಲ್ಲ. ಮೊದಲೇ ಬೆರಳು ಕಳೆದುಕೊಂಡಿದ್ದ ಇತರರೆಲ್ಲ ಅಲ್ಲೇ ಕೆಲಸ ಮಾಡುತ್ತಿದ್ದರು, ಆದರೆ ಅವರು ಮಿಲ್ಲಿನಲ್ಲೇ ಕಳೆದುಕೊಂಡವರು. ಲಾಯ್ಡ್ ಬೇಸಿಗೆಯಿಡೀ ತನ್ನ ಜಗುಲಿಯಲ್ಲಿ ಕೂತು ಹೋಗಿಬರುವ ಲಾರಿ ನೋಡಿದ. ಥೆಲ್ಮಾ ವಾರಕ್ಕೊಮ್ಮೆ ಹೋಗಿ ಅವನಿಗೆ ಅಡುಗೆ ಇಟ್ಟು ಬರುತ್ತಿದ್ದಳು, ಆಮೇಲೆ ಎರಡು ದಿನಕ್ಕೊಮ್ಮೆ. ಸೆಪ್ಟೆಂಬರ್ ಬಂದಾಗ ಬಾಯ್ಡನ ಎದುರು ನಿಂತು, ಬಿಡಾರಕ್ಕೆ ಪಾತ್ರೆ ತೊಳೆಯಲು ಲಾಯ್ಡನನ್ನು ಕರೆದುಕೊಂಡು ಹೋಗುತ್ತೇನೆ ಎಂದಳು.

“ಎಂಟು ಬೆರಳಲ್ಲಿ ಪಾತ್ರೆ ಹೇಗೆ ತೊಳೀತಾನೆ?” ಎಂದ ಬಾಯ್ಡ್.

“ಹೋದ ವರ್ಷ ನಿನ್ನ ಹತ್ತು ಬೆರಳಿನವನು ಎಷ್ಟು ಲೋಟ ಒಡೆದ?”

ಲಾಯ್ಡ್ ಅದಕ್ಕಿಂತ ಹೆಚ್ಚೇ ಒಡೆದ. ಆದರೆ ಬೇಟೆಗಾರರಿಗೆ ಅವನ ಮಾತು ಹಿಡಿಸಿತು. ಸಂಜೆ ಬೆಂಕಿಯ ಸುತ್ತ ಕೂತ ದಂತವೈದ್ಯರಿಗೆ ತನ್ನ ಕೈ ತೋರಿಸಿ, ಅದನ್ನು ಕರಡಿ ತಿಂದ ಕಥೆ ಹೇಳುತ್ತಿದ್ದ. ಥೆಲ್ಮಾ ಒಲೆಯ ಕಡೆಯಿಂದ “ಕರಡಿ ಅಲ್ಲ, ಕೇಕಿನ ತಟ್ಟೆ,” ಎನ್ನುತ್ತಿದ್ದಳು. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವರಿಬ್ಬರೂ ನಗುತ್ತಿದ್ದರು.

ವಸಂತದಲ್ಲಿ ಮದುವೆಯಾದರು. ಲುಥೆರನ್ ಚರ್ಚಿನಲ್ಲಿ, ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಹಾಟ್‌ಡಿಶ್ ಮತ್ತು ಎರಡು ಬಗೆಯ ಕೇಕಿನೊಂದಿಗೆ. ಉಂಗುರ ಎಡಗೈಗೇ ಆದ್ದರಿಂದ ಪಾದ್ರಿಗಳಿಗೆ ತೊಂದರೆಯಾಗಲಿಲ್ಲ. ಥೆಲ್ಮಾ ತನ್ನ ಮದ್ದನ್ನು ಬದಲಿಸಲಿಲ್ಲ. ಸೊಟ್ಟ ಕೈಗೆ ಒಗ್ಗುವಂತೆ ಗುಂಡನ್ನು ಹಗುರ ಮಾಡಿಕೊಂಡು, ಪುಸ್ತಕ ನೋಡಿ ಅಳತೆ ಇಳಿಸಿದಳು. ಅದಕ್ಕೆ ಅವಳಿಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಲಾಯ್ಡ್ ಮದ್ದಿನ ತಂಟೆಗೆ ಹೋಗಲಿಲ್ಲ. ಅವಳಿಗೆ ಸೀಸ ಕರಗಿಸಿ ಗುಂಡು ಎರೆದುಕೊಡುವುದು ಅವನ ಕೆಲಸವಾಯಿತು, ಅದನ್ನು ಅವಳು ತೂಗಿ ನೋಡಿಯೇ ತೆಗೆದುಕೊಳ್ಳುತ್ತಿದ್ದಳು. “ಹೆಂಡತಿಗೆ ನನ್ನ ಮೇಲೆ ಅರ್ಧ ನಂಬಿಕೆ ಬಂದಿದೆ,” ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಅರ್ಧ ಕಿವಿಗೆ ಅರ್ಧ ನಂಬಿಕೆ ಸಾಕು ಎನ್ನುತ್ತಿದ್ದಳು ಅವಳು.

ಚಳಿಗಾಲದಲ್ಲಿ ಗವುಸಿನ ಖಾಲಿ ಬೆರಳುಗಳು ಗಾಳಿಗೆ ಅಲ್ಲಾಡುತ್ತವೆಂದು ಥೆಲ್ಮಾ ಅವನ ಬಲಗೈ ಗವುಸುಗಳಲ್ಲೆಲ್ಲ ಎರಡು ಬೆರಳನ್ನು ಒಳಕ್ಕೆ ಮಡಚಿ ಹೊಲಿದುಕೊಟ್ಟಳು. ಒಂದು ಜೊತೆಯಲ್ಲಿ ಮಾತ್ರ ತಪ್ಪಿ ಎಡಗೈಯದನ್ನು ಹೊಲಿದುಬಿಟ್ಟಿದ್ದಳು. ಬಿಚ್ಚಿಕೊಡುತ್ತೇನೆ ಎಂದರೂ ಲಾಯ್ಡ್ ಕೊಡಲಿಲ್ಲ. ನಾನು ಅಂಚೆ ಕೊಡಲು ಹೋದಾಗಲೆಲ್ಲ ಡ್ರಾಯರಿನಿಂದ ಅದನ್ನು ತೆಗೆದು, ಎರಡೂ ಬದಿ ತಿರುಗಿಸಿ, ತಾನು ಹಾಕಿಕೊಳ್ಳಲಾರದ ಆ ಗವುಸನ್ನು ಬಹಳ ಸಂತೋಷದಿಂದ ತೋರಿಸುತ್ತಿದ್ದ.